ಚಿಕ್ಕಪ್ಪನ ಪೋಸ್ಟು ಪಲ್ಯ

ನನ್ನ ಚಿಕ್ಕಪ್ಪ ಕಲ್ಕತ್ತೆಗೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ. ವಾಪಸು ಬಂದದ್ದು ಮಾತ್ರ ಒಂದು ಸಲವೂ ಇಲ್ಲ!

ಗಾಬರಿಯಾಗಬೇಡಿ. ಅವರೇನೂ ಅಲ್ಲಿ ತಪ್ಪಿಸಿಕೊಳ್ಳಲಿಲ್ಲ, ಸನ್ಯಾಸ ತೆಗೆದುಕೊಳ್ಳಲಿಲ್ಲ, ಎರಡನೆಯ ಸಂಸಾರವನ್ನೂ ಹೂಡಲಿಲ್ಲ. ಹದಿನೆಂಟು ದಿನ ಅಲ್ಲಿದ್ದು, ತಗಡಿನ ಟ್ರಂಕು ಹಿಡಿದು ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದರು. ಜಟಕಾ ಹತ್ತಿ ಮನೆಗೆ ಬಂದರು. ಚಿಕ್ಕಮ್ಮ ಬಡಿದ ರೊಟ್ಟಿ ತಿಂದು ಮಲಗಿ, ಮಾರನೆಯ ಬೆಳಿಗ್ಗೆ ಮಿಲ್ಲಿನ ಕೂಗಿಗೆ ಸರಿಯಾಗಿ ಕೆಲಸಕ್ಕೂ ಹೋದರು. ಆದರೆ ಬಂದದ್ದು ಬರಿಯ ಮೈ. ಮನಸ್ಸು, ಮಾತು, ಎಲ್ಲಕ್ಕಿಂತ ಮುಖ್ಯವಾಗಿ ನಾಲಿಗೆ, ಮೂರೂ ಅಲ್ಲೇ ಉಳಿದವು. ನಾನು ಕಾಲೇಜು ಓದಲು ಲೋಕಿಕೆರೆಯಿಂದ ಅವರ ಮನೆಗೆ ಬಂದದ್ದು ಇದೆಲ್ಲ ಆಗಿ ಎಂಟು ವರ್ಷದ ಮೇಲೆ. ಆಗಲೂ ಅವರು ಊಟಕ್ಕೆ ಕೂತರೆ ಮೊದಲ ಮಾತು, "ಕಲ್ಕತ್ತೆಯಾಗ ಏನಾತು ಅಂದ್ರೆ..."

ಹೋದದ್ದು ದೊಡ್ಡ ಕಾರಣಕ್ಕೇನೂ ಅಲ್ಲ. ಚಿಕ್ಕಪ್ಪ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್. ನೂಲು ತೆಗೆಯುವ ಯಂತ್ರದ ಯಾವುದೋ ಹಲ್ಲಿನ ಚಕ್ರ ಮುರಿಯಿತು. ಅಂಥದ್ದು ಕಲ್ಕತ್ತೆಯಲ್ಲಿ ಮಾತ್ರ ತಯಾರಾಗುತ್ತದೆಂದು ತಿಳಿದು, "ಮುಂದೆ ಕೂತು ಮಾಡಿಸಿಕೊಂಡು ಬಾ" ಎಂದು ಮಿಲ್ಲಿನವರು ಇವರನ್ನು ಕಳಿಸಿದರು. ಚಕ್ರ ಬಂತು, ಯಂತ್ರ ತಿರುಗಿತು, ಕಾಲಾಂತರದಲ್ಲಿ ಅದು ಸವೆದು ಗುಜರಿಗೂ ಹೋಯಿತು. ಚಿಕ್ಕಪ್ಪನ ಹದಿನೆಂಟು ದಿನ ಮಾತ್ರ ಸವೆಯಲಿಲ್ಲ. ಕುರುಕ್ಷೇತ್ರದ ಯುದ್ಧ ನಡೆದದ್ದೂ ಹದಿನೆಂಟೇ ದಿನವಲ್ಲವೆ? ಅದನ್ನು ಹೇಳುವವರು ಎಲ್ಲಾದರೂ ಒಂದು ಕಡೆ ಮಂಗಳ ಹಾಡಿ ಎದ್ದು ಹೋಗುತ್ತಾರೆ. ಇವರ ಕತೆಗೆ ಮಂಗಳವೇ ಇರಲಿಲ್ಲ.

ಆಮೇಲೆ ನಮ್ಮ ಸೀಮೆಯ ಯಾವ ವಸ್ತುವೂ ಅವರ ಕಣ್ಣಿಗೆ ಪೂರ್ತಿ ಅಳತೆಗೆ ಕಾಣಲಿಲ್ಲ. ಒಮ್ಮೆ ರಾಣೆಬೆನ್ನೂರಿನ ಮದುವೆಗೆ ಬಸ್ಸಿನಲ್ಲಿ ಹೊರಟಿದ್ದೆವು. ಹರಿಹರದ ಸೇತುವೆ ಬಂತು. ಹೊಳೆ ತುಂಬಿತ್ತು, ನಾವೆಲ್ಲ ಕೈಮುಗಿದೆವು. ಚಿಕ್ಕಪ್ಪ ಮಾತ್ರ ಕಿಟಕಿಯಿಂದ ತಲೆ ಹಾಕಿ ಕಂಬಗಳನ್ನು ಎಣಿಸಿ, "ಇದೂ ಒಂದು ಸೇತುವೆಯೇನಮ್ಮಾ? ಕಲ್ಕತ್ತೆಯಾಗ ಅಷ್ಟು ದೊಡ್ಡ ಸೇತುವೆಗೆ ನೀರಾಗ ಒಂದೂ ಕಂಬ ಇಲ್ಲ! ಇಷ್ಟು ಕಂಬ ಕೊಟ್ರೆ ಹೊಳಿಗೆ ಅಡ್ಡ ನಾನೂ ಮಲಗ್ತೀನಿ!" ಎಂದರು. ಹಿಂದಿನ ಸೀಟಿನಲ್ಲಿದ್ದ ಹರಿಹರದ ಹಿರಿಯರೊಬ್ಬರಿಗೆ ಊರಿನ ಅಭಿಮಾನ ಕೆರಳಿತು. "ಮಲಗ್ರಿ ಸ್ವಾಮಿ, ಮಲಗ್ರಿ. ಎತ್ತಿನ ಗಾಡಿ ಬರೋ ಹೊತ್ತಾತು" ಎಂದರು.

ಇನ್ನು ಭಾಷೆ. ಚಿಕ್ಕಪ್ಪ ಕಲಿತು ಬಂದ ಬಂಗಾಲಿ ಮಾತು ಹೆಚ್ಚೆಂದರೆ ಎಂಟು. ಎಂಟನ್ನೂ ತುಕ್ಕು ಹಿಡಿಯದಂತೆ ದಿನಾ ಬಳಸುತ್ತಿದ್ದರು. ಬಂದ ಮಾರನೆಯ ದಿನವೇ ಮಣೆಯ ಮೇಲೆ ಕೂತು, "ಏ ಇವ್ಳೇ, ಜೋಲ್ ತಗಂಬಾ" ಎಂದರಂತೆ. ದೂರದ ಊರಿಗೆ ಹೋಗಿ ಬಂದಿದ್ದಾರೆ, ಏನೋ ಶಾಸ್ತ್ರವಿರಬೇಕು ಎಂದುಕೊಂಡು ಚಿಕ್ಕಮ್ಮ ಒಳಗೆ ಹೋಗಿ, ಮೊರದಲ್ಲಿ ಎರಡು ಸೇರು ಬಿಳಿಜೋಳ ತಂದು ಮುಂದಿಟ್ಟರು.

"ಇದೇನಿದು?"

"ಜೋಳ. ನೀವೇ ಅಂದ್ರಲ್ಲ."

"ಜೋಲ್ ಅಂದೆ! ಜೋಲ್ ಅಂದ್ರೆ ಬಂಗಾಲಿಯಾಗ ನೀರು!"

"ನೀರು ಬೇಕಾದ್ರೆ ನೀರು ಅನ್ರಿ. ನೀರಿಗೆ ಜೋಳ ಅಂದ್ರೆ ಜೋಳಕ್ಕೆ ಏನಂತೀರಿ, ರಾಗಿ ಅಂತೀರೇನು?"

ಆವತ್ತಿಗೆ ಮುಗಿಯಬೇಕಾಗಿದ್ದ ಜಗಳ. ಮುಗಿಯಲಿಲ್ಲ. ಇವರು ಜೋಲ್ ಅನ್ನುವುದನ್ನು ಬಿಡಲಿಲ್ಲ, ಚಿಕ್ಕಮ್ಮ ಒಂದು ಹಿಡಿ ಜೋಳ ತಂದಿಡುವುದನ್ನು ಬಿಡಲಿಲ್ಲ. "ಅಂಥಾ ಮಾತು ಲೋಕದಾಗೇ ಇಲ್ಲ, ಇವ್ರೇ ಕಟ್ಟಿದ್ದು" ಎಂಬುದು ಚಿಕ್ಕಮ್ಮನ ದೃಢವಾದ ನಂಬಿಕೆ. ಕೊನೆಗೆ ಚಿಕ್ಕಪ್ಪನೇ ಎದ್ದು ಬಿಂದಿಗೆಯಿಂದ ನೀರು ಬಗ್ಗಿಸಿಕೊಂಡು ಕುಡಿದು, ಆ ಜೋಳವನ್ನು ಅಂಗಳದ ಗುಬ್ಬಿಗಳಿಗೆ ಎರಚಿ ಬರುತ್ತಿದ್ದರು. ನಮ್ಮ ಅಂಗಳದ ಗುಬ್ಬಿಗಳಷ್ಟು ದುಂಡಗಿನ ಗುಬ್ಬಿಗಳು ಇಡೀ ಬೀದಿಯಲ್ಲಿರಲಿಲ್ಲ.

ಈಗ ಪಲ್ಯಕ್ಕೆ ಬರೋಣ. ಪಲ್ಯದ ಹೆಸರು ಆಲೂ ಪೋಸ್ತೋ. ಆಲೂ ಎಂದರೆ ನಮ್ಮ ಆಲೂಗಡ್ಡೆಯೇ. ಪೋಸ್ತೋ ಎಂದರೆ ಗಸಗಸೆ. ಆದರೆ ಈ ಅರ್ಥ ನಮಗೆ ತಿಳಿದದ್ದು ನಿಧಾನವಾಗಿ. ಹೆಸರು ಮೊದಲು ಮನೆಗೆ ಬಂದದ್ದು ಕಾರ್ಡಿನಲ್ಲಿ. ಕಲ್ಕತ್ತೆಯಿಂದ ಚಿಕ್ಕಪ್ಪ ಹೆಂಡತಿಗೆ ಬರೆದಿದ್ದರು: "ಊಟದ ಚಿಂತೆ ಬೇಡ. ಇಲ್ಲಿ ದಿನಾಲು ಆಲು ಪೋಸ್ತು ಸಿಗುತ್ತದೆ." ನಮ್ಮ ಬೀದಿಯ ಪೋಸ್ಟ್‌ಮನ್ ಕಾರ್ಡುಗಳನ್ನು ಓದದೆ ಕೊಡುವವನಲ್ಲ. ಬೀದಿಯ ತುದಿಯಿಂದಲೇ ಓದಿಕೊಂಡು ಬಂದು, ಬಾಗಿಲಲ್ಲಿ ನಿಂತು, ಚಿಕ್ಕಮ್ಮನಿಗೆ ಅರ್ಥ ಬಿಡಿಸಿದ. "ಅಮ್ಮಾರೇ, 'ಹಾ' ಬರಿಯೋದು ಬಿಟ್ಟು 'ಆ' ಬರ್ದಾರೆ. ಹಾಲು ಪೋಸ್ಟು! ಕಲ್ಕತ್ತೆಯಾಗ ದಿನಾ ಹಾಲು ಪೋಸ್ಟಿನಾಗ ಬರ್ತೈತಂತೆ!"

ಮಧ್ಯಾಹ್ನದೊಳಗೆ ಬೀದಿಗೆಲ್ಲ ಸುದ್ದಿ. ಲಕೋಟೆಯಲ್ಲಿ ಬರುತ್ತದೋ ಪಾರ್ಸಲಿನಲ್ಲಿ ಬರುತ್ತದೋ ಎಂದು ಕಟ್ಟೆಯ ಮೇಲೆ ಚರ್ಚೆಯಾಯಿತು. ಪೋಸ್ಟ್‌ಮನ್ ಮಾತ್ರ ಆ ರಾತ್ರಿ ಊಟ ಮಾಡಲಿಲ್ಲವಂತೆ. ಮರುದಿನ ಬಂದವನು ಚೀಲ ತಡವುತ್ತಾ, "ನಾಳೆ ದಾವಣಗೆರೆಗೂ ಆ ರೂಲ್ಸು ಬಂದ್ರೆ ನನ್ನ ಗತಿ ಏನ್ರಿ ಅಮ್ಮಾ? ಕಾಗದಾನಾದ್ರೆ ನಾಳೆ ಕೊಡಬೋದು, ಹಾಲು ಒಡೆದ್ರೆ ಯಾರು ಹೊಣಿ?" ಎಂದನಂತೆ. ಚಿಕ್ಕಪ್ಪ ಬಂದು ಗಸಗಸೆಯ ವಿಷಯ ಬಿಡಿಸಿ ಹೇಳಿದ ಮೇಲೆ ಅವನ ಜೀವ ನಿರಾಳವಾಯಿತು. ಪಲ್ಯದ ಹೆಸರು ಮಾತ್ರ ನಮ್ಮ ಮನೆಯಲ್ಲಿ ಪೋಸ್ಟು ಪಲ್ಯ ಎಂದೇ ನಿಂತಿತು.

ಮಾಡುವ ಬಗೆ ಕೇಳಿದರೆ ನೀವು ನಗುತ್ತೀರಿ. ಆಲೂಗಡ್ಡೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಬೇಕು, ನೆನೆಸಿದ ಗಸಗಸೆಯನ್ನು ನುಣ್ಣಗೆ ರುಬ್ಬಿ ಹಾಕಬೇಕು, ನಾಲ್ಕು ಹಸಿಮೆಣಸಿನಕಾಯಿ, ಉಪ್ಪು. ಇಷ್ಟೇ! ಆದರೆ ಚಿಕ್ಕಪ್ಪ ತಿಂದವರೇ ಹೊರತು ಮಾಡಿದ್ದನ್ನು ಕಂಡವರಲ್ಲ. ನಾಲಿಗೆಯ ನೆನಪಿನಿಂದ ಒಲೆಯ ದಾರಿ ಹುಡುಕುತ್ತಿದ್ದರು. ಸಾಯುವುದರೊಳಗೆ ಒಂದು ಸಲ ಆ ರುಚಿ ನನ್ನ ಮನೆಯ ಒಲೆಯ ಮೇಲೆ ಬರಬೇಕು ಎಂಬುದು ಅವರ ಹಟ. ಪ್ರತಿ ಭಾನುವಾರ ಪಂಚೆ ಎತ್ತಿ ಕಟ್ಟಿ ಅಡಿಗೆಮನೆಗೆ ಇಳಿಯುವರು. ಅವರು ಹುರಿದುಕೊಟ್ಟ ಗಸಗಸೆ ರುಬ್ಬುವ ಕೆಲಸ ನನ್ನದು. ಗಸಗಸೆ ಒರಳಿನಲ್ಲಿ ರುಬ್ಬಿಸಿಕೊಳ್ಳುವುದಿಲ್ಲ, ಓಡಾಡುತ್ತದೆ. ಅದು ನುಣ್ಣಗಾಗುವುದರೊಳಗೆ ನನ್ನ ರಟ್ಟೆ ನುಣ್ಣಗಾಗುತ್ತಿತ್ತು.

ಒಂದು ಭಾನುವಾರ ಅವರಿಗೆ ಜ್ಞಾನೋದಯವಾಯಿತು. "ಇಷ್ಟು ವರ್ಷದ ತಪ್ಪು ಸಿಕ್ತು! ಗಸಗಸೆ ಕಮ್ಮಿ ಆಗ್ತಿತ್ತು." ಅಂದು ಅಕ್ಕಿ ಅಳೆಯುವಂತೆ ಪಾವಿನಲ್ಲಿ ಅಳೆದು ಹಾಕಿದರು. ಗಸಗಸೆ ಪಾಯಸ ಒಂದು ಬಟ್ಟಲು ಕುಡಿದರೇ ಹಬ್ಬದ ಮಧ್ಯಾಹ್ನ ಜನ ಎಲ್ಲಿದ್ದಲ್ಲಿ ಉರುಳುತ್ತಾರೆ. ನಾವು ತಟ್ಟೆಗಟ್ಟಲೆ ತಿಂದೆವು. ಚಿಕ್ಕಪ್ಪ ಪಡಸಾಲೆಯಲ್ಲಿ, ಚಿಕ್ಕಮ್ಮ ಅಡಿಗೆಮನೆಯ ಹೊಸಿಲಲ್ಲಿ, ನಾನು ಪುಸ್ತಕದ ಮೇಲೆ ಮುಖವಿಟ್ಟು, ದೀಪ ಹಚ್ಚುವ ಹೊತ್ತಿನವರೆಗೆ ಮಲಗಿದೆವು. ಅದೇ ಮಧ್ಯಾಹ್ನ ಹರಪನಹಳ್ಳಿ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಬಂದರಂತೆ! ಬಾಗಿಲು ತಟ್ಟಿದರಂತೆ, ಕಿಟಕಿಯಲ್ಲಿ ಇಣುಕಿದರಂತೆ, ಮೂರು ಶ್ರುತಿಯ ಗೊರಕೆ ಕೇಳಿ, "ಈ ಮನಿ ಹೆಣ್ಣು ಬ್ಯಾಡಪ್ಪಾ, ಹಗಲೇ ಹಿಂಗೆ" ಎಂದು ಪಕ್ಕದ ಮನೆಯಲ್ಲಿ ಹೇಳಿ ಹೋದರಂತೆ. ಚಿಕ್ಕಮ್ಮ ಹಣೆ ಹಣೆ ಚಚ್ಚಿಕೊಂಡರು. ನಾನು ಬಿ.ಎ. ಪೂರ್ತಿ ಮಾಡಿ ಮೇಷ್ಟ್ರಮ್ಮ ಆದದ್ದು ಆ ಪಲ್ಯದ ದೆಸೆಯಿಂದ. ಅದರ ಉಪಕಾರವನ್ನು ನಾನು ಇವತ್ತಿಗೂ ಮರೆತಿಲ್ಲ.

ಮುಂದಿನ ಜ್ಞಾನೋದಯ ಎಣ್ಣೆಯದು. ಅಲ್ಲಿ ಅಡಿಗೆಗೆ ಸಾಸಿವೆ ಎಣ್ಣೆ ಎಂದು ಮಿಲ್ಲಿನಲ್ಲಿ ಯಾರೋ ಹೇಳಿದರು. ನಮ್ಮಲ್ಲಿ ಅಡಿಗೆಗೆ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ. ಸಾಸಿವೆ ಎಣ್ಣೆ ಏನಿದ್ದರೂ ಉಳುಕಿಗೆ, ಮಂಡಿ ನೋವಿಗೆ, ಗರಡಿಮನೆಯ ಪೈಲ್ವಾನರ ಮೈಗೆ. ಅದು ಸಿಗುವುದು ಬಜಾರಿನ ನಾರು ಬೇರಿನ ಅಂಗಡಿಯಲ್ಲಿ. ಅಂಗಡಿಯ ಸಾಹೇಬರು ಕನಿಕರದಿಂದ ಕೇಳಿದರು.

"ದರ್ದು ಎಲ್ಲೈತ್ರಿ ಸಾಹುಕಾರ್ರೆ? ಮೊಣಕಾಲಾಗೋ, ಕಮರಿನಾಗೋ?"

"ನಾಲಿಗಿಯಾಗೈತ್ರಿ," ಎಂದರು ಚಿಕ್ಕಪ್ಪ.

"ತೋಬಾ! ನಾಲಿಗಿಗೆ ತಿಕ್ಕಬ್ಯಾಡ್ರಿ, ಸುಟ್ಟೋಗ್ತೈತೆ!"

ಆ ಭಾನುವಾರ ಬಾಣಲೆಯಲ್ಲಿ ಎಣ್ಣೆ ಕಾಯುತ್ತಲೂ ನಮಗೆಲ್ಲ ಕಣ್ಣು ಮೂಗು ಸುರಿಯಲು ತೊಡಗಿತು. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಯಾರಿಗೆ ಉಳುಕಿತ್ರಿ?" ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಗರಡಿಮನೆಯ ಉಸ್ತಾದರೇ ವಾಸನೆ ಹಿಡಿದು ಬಂದು, "ಯಾರನ್ನ ತಿಕ್ಕಬೇಕ್ರಿ?" ಎಂದು ತೋಳೇರಿಸಿ ನಿಂತರು. ಚಿಕ್ಕಪ್ಪ ಅವರನ್ನು ಕೂಡಿಸಿ ಪಲ್ಯ ಬಡಿಸಿದರು. ಉಸ್ತಾದರು ಎರಡು ತುತ್ತು ತಿಂದು, ಬಹಳ ಯೋಚಿಸಿ, "ಒಳಗಿಂದ ತಿಕ್ಕಿದಂಗಾತು" ಎಂದರು. ಅದನ್ನು ಹೊಗಳಿಕೆಯೆಂದೇ ಚಿಕ್ಕಪ್ಪ ತಿಳಿದರು.

ಆ ಪಲ್ಯದಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಕಾಳು ಇರುತ್ತಿತ್ತೆಂಬ ನೆನಪು ಅವರಿಗೆ. ಯಾವ ಕಾಳು? ತಿಂಗಳುಗಟ್ಟಲೆ ತರ್ಕಿಸಿ, "ಹುಚ್ಚೆಳ್ಳು. ಅನುಮಾನವೇ ಬ್ಯಾಡ" ಎಂದು ತೀರ್ಮಾನಿಸಿದರು. "ಅದೊಂದು ಕಮ್ಮಿ ಇತ್ತು ನೋಡ್ರಿ ಇಷ್ಟು ದಿನ," ಎಂದರು ಚಿಕ್ಕಮ್ಮ, "ಎಳ್ಳು ಬಿಟ್ಟು ಉಳಿದಿದ್ದೆಲ್ಲಾ ಇತ್ತು."

ಹೀಗೆ ನಗುನಗುತ್ತ ಹೇಳುತ್ತಿದ್ದೇನೆ. ಆದರೆ ಚಿಕ್ಕಮ್ಮನಿಗೆ ಅದು ನಗುವ ಮಾತಾಗಿರಲಿಲ್ಲ. ಅವರ ಕೈಯ ಎಣ್ಣೆಗಾಯಿಗೆ ಬೀದಿಯ ಜನ ಬಟ್ಟಲು ಹಿಡಿದು ಬರುತ್ತಿದ್ದರು. ಬೀಗರ ಊಟವೆಂದರೆ ಅವರನ್ನೇ ಕರೆಯುವರು. ಅಂಥವರು ಏನು ಮಾಡಿ ಬಡಿಸಲಿ, ಚಿಕ್ಕಪ್ಪ ಚಪ್ಪರಿಸಿ ತಿಂದು, ಕೈ ತೊಳೆಯುವ ಮುಂಚೆ ಅನ್ನುವುದು ಒಂದೇ ಮಾತು: "ಚಲೋ ಐತೆ. ಆದ್ರೆ ಅದಲ್ಲ." ಹತ್ತು ವರ್ಷ, ಹೊತ್ತಿಗೊಂದು ಸಲ! ಒಂದು ದಿನ ನಾನು ಒಳಗೆ ಹೋದಾಗ ಚಿಕ್ಕಮ್ಮ ಒರಳಿನ ಮುಂದೆ ಸುಮ್ಮನೆ ಕೂತಿದ್ದರು. ಗುಂಡು ನಿಂತಿತ್ತು. "ನಾ ಏನು ಮಾಡಿ ಬಡಿಸಿದ್ರೂ ಆ ಕಲ್ಕತ್ತೆ ಬಂದು ಪಕ್ಕದಾಗ ಎಲಿ ಹಾಕ್ಕೊಂಡು ಕೂಡ್ತೈತೆ ಮಗಾ," ಎಂದರು. ನನಗೆ ಚಿಕ್ಕಪ್ಪನ ಮೇಲೆ ನಿಜವಾಗಿ ಸಿಟ್ಟು ಬಂತು.

ಆಗ ಬಂತು ಹರಿಹರದ ಸುದ್ದಿ. ಹರಿಹರದ ಕಾರ್ಖಾನೆಯೊಂದಕ್ಕೆ ಬಂಗಾಲಿ ಇಂಜಿನಿಯರೊಬ್ಬರು ಹೆಂಡತಿಯ ಸಮೇತ ಬಂದು ಎರಡು ವರ್ಷವಾಗಿದೆಯೆಂದು ಚಿಕ್ಕಪ್ಪನ ಹಳೆಯ ಸ್ನೇಹಿತರೊಬ್ಬರು ಹೇಳಿದರು. ಅವರ ಮನೆಗೆ ಪಲ್ಯ ತೆಗೆದುಕೊಂಡು ಹೋಗಿ ತಿನ್ನಿಸಿ, ಇದೇ ಹೌದು ಎನ್ನಿಸಿಕೊಂಡು ಬರುವುದೆಂದು ಚಿಕ್ಕಪ್ಪ ಕುಣಿದರು. ಚಿಕ್ಕಮ್ಮ ಸೌಟು ಕೆಳಗಿಟ್ಟರು.

"ಆಗ್ಲಿ. ನಾನೂ ಬರ್ತೀನಿ. ಆದ್ರೆ ಪಲ್ಯದ ಹೆಸರು ನೀವು ಹೇಳಂಗಿಲ್ಲ. ತಿಂದು ಆಯಮ್ಮನೇ ಹೇಳಬೇಕು. ಹೇಳಿದ್ಲಾ, ಈ ಯುಗಾದಿಗೆ ಹೋಳಿಗಿ ಪಕ್ಕದಾಗೇ ನಿಮ್ಮ ಪೋಸ್ಟು ಪಲ್ಯ ಬಡಿಸ್ತೀನಿ."

"ಹೇಳದಿದ್ರೆ?"

"ಇನ್ನು ಈ ಮನಿಯಾಗ ಕಲ್ಕತ್ತೆ ಅನ್ನೋ ಮಾತು ನಿಮ್ಮ ಬಾಯಿಂದ ಬರಂಗಿಲ್ಲ. ಅಡಿಗಿ ಒಳಗೂ ಬರಂಗಿಲ್ಲ."

"ಒಪ್ಪಿದೆ!" ಎಂದರು ಚಿಕ್ಕಪ್ಪ, ಒಂದು ಗಳಿಗೆಯೂ ಯೋಚಿಸದೆ. "ಎಲಿಯಾಗ ಹೋಳಿಗಿ ಪಕ್ಕ ಜಾಗ ಬಿಟ್ಕೊಂಡಿರು."

ಭಾನುವಾರ ಬೆಳಿಗ್ಗೆಯ ರೈಲು. ಚಿಕ್ಕಪ್ಪನ ತೊಡೆಯ ಮೇಲೆ ಹಿತ್ತಾಳೆ ಡಬ್ಬಿ, ಅದರೊಳಗೆ ಪಲ್ಯ. ಚಿಕ್ಕಮ್ಮನ ಚೀಲದಲ್ಲಿ ನಮ್ಮ ತಟ್ಟೆ, ಲೋಟ, ಒಂದು ಬಾಣಲೆ. ಬಾಣಲೆ ಯಾಕೆಂದರೆ, "ಮೀನು ತಿನ್ನೋರ ಮನಿ. ಏನಾದ್ರೂ ಬಿಸಿ ಮಾಡ್ತೀನಿ ಅಂದ್ರೆ?" ಕಲ್ಕತ್ತೆಯಲ್ಲಿ ಮೀನನ್ನು ಗಂಗೆಯ ಹಣ್ಣು ಅನ್ನುತ್ತಾರೆಂದು ಚಿಕ್ಕಪ್ಪ ಹೇಳಿದ್ದು ಆಕೆಗೆ ನೆನಪಿತ್ತು. ಅವತ್ತೇ ಆಕೆ, "ಹಂಗಾದ್ರೆ ಕುರಿ ಹುಲ್ಲಿನ ಹಣ್ಣೇನು?" ಎಂದು ಕೇಳಿ ಬಾಯಿ ಮುಚ್ಚಿಸಿದ್ದರು.

ಇಂಜಿನಿಯರರ ಹೆಂಡತಿ ತೆಳ್ಳಗಿನ, ನಗುಮುಖದ ಹೆಣ್ಣುಮಗಳು. ಕೈಯಲ್ಲಿ ಶಂಖದ ಬಿಳಿ ಬಳೆ. ಕನ್ನಡ ಬಾರದು. ಅವರ ಯಜಮಾನರಿಗೆ ಅರ್ಧ ಹಿಂದಿ, ಕಾಲು ಕನ್ನಡ. ಬಿಸಿಲಲ್ಲಿ ನಡೆದು ಬಂದ ನಮ್ಮನ್ನು ಕೂಡಿಸಿ, ಆಕೆ ಚಿಕ್ಕಮ್ಮನ ಕಡೆ ಬಾಗಿ ಮೆಲ್ಲಗೆ ಕೇಳಿದರು. "ಜೋಲ್?"

ಚಿಕ್ಕಮ್ಮ ಬೆಚ್ಚಿ ಗಂಡನ ಮುಖ ನೋಡಿದರು. ಹತ್ತು ವರ್ಷ ತಾವು ಗುಬ್ಬಿಗೆ ಎರಚಿಸಿದ ಮಾತು ಲೋಕದಲ್ಲಿ ಇತ್ತು! ಚಿಕ್ಕಪ್ಪ ಮೀಸೆ ತಿರುವಿದರು. ಆಕೆ ತಂದುಕೊಟ್ಟ ನೀರನ್ನು ಚಿಕ್ಕಮ್ಮ, ತಮ್ಮ ಲೋಟಕ್ಕೆ ಬಗ್ಗಿಸಿಕೊಳ್ಳುವುದನ್ನೂ ಮರೆತು, ಒಂದೇ ಗುಟುಕಿಗೆ ಕುಡಿದರು.

ಡಬ್ಬಿ ತೆರೆಯಿತು. ಆಕೆ ಒಂದು ತುತ್ತು ತಿಂದರು. ಕಣ್ಣರಳಿಸಿದರು. ಇನ್ನೊಂದು ತುತ್ತು. "ಭಾಲೋ! ಖೂಬ್ ಭಾಲೋ!"

"ಕೇಳಿದ್ಯಾ?" ಚಿಕ್ಕಪ್ಪ 'ಕೂತಲ್ಲೇ ಎದ್ದರು' ಎನ್ನಬೇಕು. "ಭಾಲೋ ಅಂದ್ರೆ ಚಲೋ! ಖೂಬ್ ಅಂದ್ರೆ ಖೂಬ್!"

ಆಕೆ ತಟ್ಟೆ ಬಳಿದು ತಿಂದು, ಗಂಡನಿಗೆ ಬಂಗಾಲಿಯಲ್ಲಿ ಏನೋ ಹೇಳಿದರು. ಅವರು ತಮ್ಮ ಕಾಲು ಕನ್ನಡವನ್ನೆಲ್ಲ ಕೂಡಿಸಿಕೊಂಡು ನಮಗೆ ಹೇಳಿದರು. "ಇವಳು ಕೇಳ್ತಾಳೆ, ನಿಮ್ಮ ದಾವಣಗೆರೆ ಪಲ್ಯ ಬಹಳ ಚೆನ್ನಾಗಿದೆ. ಇದರ ಹೆಸರು ಏನು?"

ಇಲ್ಲ ಎಂದಿದ್ದರೆ ಚಿಕ್ಕಪ್ಪ ವಾದ ಹೂಡುತ್ತಿದ್ದರು. ಹೆಸರು ಕೇಳಿದವರ ಮುಂದೆ ಏನು ವಾದ? ಅವರು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತರು. ಚಿಕ್ಕಮ್ಮ ಗೆದ್ದಿದ್ದರು, ಗೆದ್ದವರು ಯಾಕೋ ತಲೆ ತಗ್ಗಿಸಿದ್ದರು. ಕೊನೆಗೆ ನಾನೇ, "ಆಲೂ ಪೋಸ್ತೋ" ಎಂದೆ. ಆಕೆಗೆ ನಗು ಬಂತು. ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಾ ಚಿಕ್ಕಪ್ಪನ ಮುಖ ನೋಡಿದವರು ತಟ್ಟನೆ ನಿಲ್ಲಿಸಿ, ಎದ್ದು ಒಳಗೆ ಹೋದರು.

ಅರ್ಧ ಗಂಟೆಯಲ್ಲಿ, ನಮ್ಮ ಬಾಣಲೆಯಲ್ಲೇ, ನಿಜವಾದ ಆಲೂ ಪೋಸ್ತೋ ಮಾಡಿ ತಂದರು. ಗಸಗಸೆಯನ್ನು ನಾವು ಹುರಿದು ರುಬ್ಬುತ್ತಿದ್ದೆವು, ಆಕೆ ಹಸಿಯಾಗಿಯೇ ರುಬ್ಬಿದ್ದರು. ಕಪ್ಪು ಕಾಳು ಹುಚ್ಚೆಳ್ಳಲ್ಲ. ಯಾವುದೋ ಕರಿಜೀರಿಗೆ, ತವರಿನಿಂದ ತಂದದ್ದು. ಒಂದು ಚಿಟಿಕೆಯನ್ನು ಕಾಗದದಲ್ಲಿ ಕಟ್ಟಿ ಚಿಕ್ಕಮ್ಮನ ಕೈಗೂ ಇಟ್ಟರು. ಬಿಸಿ ಅನ್ನದ ಮೇಲೆ ಪಲ್ಯ ಬಂತು. ಚಿಕ್ಕಪ್ಪ ಕಲಸಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾವು ನಾಲ್ವರೂ ಉಸಿರು ಹಿಡಿದು ಅವರ ಗಂಟಲನ್ನೇ ನೋಡುತ್ತಿದ್ದೆವು. ಕಣ್ಣು ಬಿಟ್ಟು ಅವರು ಹೇಳಿದ್ದೇನು ಗೊತ್ತೆ?

"ಚಲೋ ಐತೆ. ಆದ್ರೆ ಅದಲ್ಲ."

ಬಂಗಾಲದಲ್ಲಿ ಹುಟ್ಟಿ, ಬಂಗಾಲದಲ್ಲಿ ಬೆಳೆದು, ಬಂಗಾಲದ ಕಾಳು ಹಾಕಿ ಮಾಡಿದವರಿಗೆ ಹೇಳಿದ ಮಾತು ಇದು! ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು. ಪುಣ್ಯಕ್ಕೆ ಇಂಜಿನಿಯರರ ಕಾಲು ಕನ್ನಡದಲ್ಲಿ 'ಅದಲ್ಲ' ಇರಲಿಲ್ಲ. ಚಿಕ್ಕಮ್ಮ ಮಾತ್ರ ಗಂಡನನ್ನು ಬಹಳ ಹೊತ್ತು ನೋಡಿದರು.

ಚಿಕ್ಕಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ. ಮನೆಯಿಂದ ಕಲ್ಕತ್ತೆ ಹೋಯಿತು. ಬಾಯಿಗೆ ಮಾತ್ರ ಅಭ್ಯಾಸ ಬಿಡಬೇಕಲ್ಲ. ಊಟಕ್ಕೆ ಕೂತು, "ಕಲ್..." ಎಂದು ಶುರು ಮಾಡಿ, ಚಿಕ್ಕಮ್ಮನ ಮುಖ ನೋಡಿ, "ಕಲ್ಲು ಸಿಕ್ತು ಅನ್ನದಾಗ" ಎಂದು ಮುಗಿಸುವರು. "ನಾ ಆರಿಸಿದ ಅಕ್ಕಿಯಾಗ ಕಲ್ಲಾ!" ಎಂದು ಚಿಕ್ಕಮ್ಮ ರೇಗುವರು. ಒಂದು ವಾರ ಹೀಗೆ ದಿನಾ ಕಲ್ಲು ಸಿಕ್ಕವು. ಆಮೇಲೆ ಅದೂ ನಿಂತಿತು. ಉಂಡು, "ಚಲೋ ಐತೆ" ಎಂದಷ್ಟೇ ಹೇಳಿ ಏಳುವರು. ಹತ್ತು ವರ್ಷ ಚಿಕ್ಕಮ್ಮ ಬೇಡಿದ್ದು ಇದನ್ನೇ ಅಲ್ಲವೆ? ನೀರು ಬೇಕಾದರೆ ಜೋಲ್ ಅನ್ನದೆ ತಾವೇ ಎದ್ದು ಬಗ್ಗಿಸಿಕೊಳ್ಳುವರು. ಗುಬ್ಬಿಗಳು ಅಂಗಳಕ್ಕೆ ಬಂದು ಕಾದು, ತಲೆ ಓರೆ ಮಾಡಿ ಒಳಗೆ ನೋಡಿ, ಬೇರೆ ಮನೆಗೆ ಹೋದವು. ಪಕ್ಕದವರು ಗೋಡೆಯಾಚೆಯಿಂದ, "ಯಜಮಾನ್ರು ಆರಾಮಿದಾರೇನ್ರಿ?" ಎಂದು ಕೇಳತೊಡಗಿದರು.

ಮೂರು ಭಾನುವಾರ ಒಲೆಯ ಮುಂದೆ ಚಿಕ್ಕಪ್ಪ ಬರಲಿಲ್ಲ. ನಾಲ್ಕನೆಯ ಭಾನುವಾರ ನಾನು ಎದ್ದಾಗ ಒರಳಿನ ಸದ್ದು ಕೇಳುತ್ತಿತ್ತು. ಚಿಕ್ಕಮ್ಮ ಗಸಗಸೆ ರುಬ್ಬುತ್ತಿದ್ದರು, ಹುರಿಯದೆ, ಹಸಿಯಾಗಿ. ಪಕ್ಕದಲ್ಲಿ ಹರಿಹರದ ಕಾಗದದ ಪೊಟ್ಟಣ ಬಿಚ್ಚಿತ್ತು. ನಾನು ಕೈಹಾಕಲು ಹೋದರೆ, "ನೀ ಓದ್ಕೊ ಹೋಗು" ಎಂದರು.

ತಟ್ಟೆಗೆ ಬಿದ್ದ ಪಲ್ಯ ನೋಡಿ ಚಿಕ್ಕಪ್ಪ ತಲೆ ಎತ್ತಲಿಲ್ಲ. ಸುಮ್ಮನೆ ತಿಂದರು. ಚಿಕ್ಕಮ್ಮ ಸೌಟು ಹಿಡಿದು ಎದುರಿಗೆ ಕೂತರು.

"ಹೆಂಗೈತ್ರಿ?"

"ಚಲೋ ಐತೆ."

ಚಿಕ್ಕಮ್ಮ ಕಾದರು. ಎರಡನೆಯ ಮಾತು ಬರಲಿಲ್ಲ. "ಆದ್ರೆ?" ಎಂದು ಅವರೇ ಕೇಳಿದರು.

"ಆದ್ರೆ ಏನಿಲ್ಲ."

"ಆದ್ರೆ ಅನ್ರಿ."

"ಮಾತು ಕೊಟ್ಟೀನಲ್ಲೇ."

"ಮಾತು ಇಸ್ಕೊಂಡಾಕಿ ನಾನು. ತಗೊಳ್ರಿ, ವಾಪಸ್ ಕೊಟ್ಟೀನಿ. ಆಯಮ್ಮ ಮಾಡಿದ್ದೂ ಅದಲ್ಲ, ನಾ ಮಾಡಿದ್ದೂ ಅದಲ್ಲ. ಅದು ಯಾವುದು ಅಂತನಾದ್ರೂ ಹೇಳ್ರಿ. ಕಲ್ಕತ್ತೆಯಾಗ ಏನಾತು?"

ಟ್ರಾಮಿನ ಕತೆ, ಸೇತುವೆಯ ಕತೆ, ಎಷ್ಟು ಸಲ ಕೇಳಿದ್ದೆವು! ಅವತ್ತು ಹೇಳಿದ್ದು ನಾವು ಎಂದೂ ಕೇಳದ ಕತೆ.

"ಮೊದಲ ಮೂರು ದಿನ ಉಪವಾಸಾನೇ ಇದ್ದೆ," ಎಂದರು ಚಿಕ್ಕಪ್ಪ, ತಟ್ಟೆ ನೋಡುತ್ತಾ. "ಎಲ್ಲಿ ಹೋದ್ರೂ ಮೀನು. ಮಂಡಕ್ಕಿ ಮಾತ್ರ ಸಿಕ್ತಿತ್ತು, ನಮ್ಮೂರಿನಂಥಾದ್ದೇ. ಇಳಕೊಂಡಿದ್ದ ಮನಿ ಮೆಟ್ಟಲ ಮ್ಯಾಲೆ ಕುಂತು, ಮಂಡಕ್ಕಿ ನೀರಾಗ ನೆನೆಸಿ ತಿಂತಿದ್ದೆ. ನಮ್ಮವ್ವ ಹೋಗಿ ಆಗಿನ್ನೂ ತಿಂಗಳಾಗಿತ್ತು. ನಿಂಗೆ ಗೊತ್ತಲ್ಲ, ಮಣ್ಣು ಮಾಡಿದಾಗ್ಲೂ ನಾ ಅಳಲಿಲ್ಲ. ಗಂಡಸು ಅಂದ್ರೆ ಹಿಂಗಿರಬೇಕು ಅಂದ್ರು ಎಲ್ಲಾ. ಆ ಮನಿ ಕೆಳಗ ಒಬ್ಬ ಮುದುಕಿ ಇದ್ಲು. ಬಿಳಿ ಸೀರಿ, ಕತ್ತರಿಸಿದ ಕೂದ್ಲು. ಗಂಡ ಇಲ್ದಾಕಿ, ಮೀನು ಮುಟ್ತಿರಲಿಲ್ಲ. ನನ್ನ ನೋಡಿ ಕೈ ಮಾಡಿ ಕರದ್ಲು. ಬಿಸಿ ಅನ್ನ, ಈ ಪಲ್ಯ. 'ಖಾ, ಬಾಬಾ' ಅಂದ್ಲು. ಉಣ್ಣಪ್ಪಾ ಅಂತ. ನಮ್ಮವ್ವ ಅಂದಂಗೇ ಅಂದ್ಲು ಕಣೇ. ತುತ್ತು ಗಂಟಲಾಗ ನಿಂತ್ಕೊಂತು. ಅಷ್ಟೂ ಅಳು ಅಲ್ಲೇ ಬಂತು. ಆಕಿ ತಲಿ ಮ್ಯಾಲೆ ಕೈ ಇಟ್ಟು, ಲೋಟ ಹಿಡಿದು, 'ಜೋಲ್, ಬಾಬಾ, ಜೋಲ್' ಅಂದ್ಲು."

ಚಿಕ್ಕಮ್ಮನ ಕೈಯ ಸೌಟು ಪಾತ್ರೆಗೆ ಇಳಿಯಿತು.

"ಹದಿನೈದು ದಿನ ಉಣ್ಣಾಕೆ ಹಾಕಿದ್ಲು. ಹೊರಡೋ ದಿನ ಆಕಿ ಗಂಗಾಸ್ನಾನಕ್ಕೆ ಹೋಗಿದ್ಲು, ರೈಲಿಗೆ ಹೊತ್ತಾತು ಅಂತ ಹೇಳದೇ ಬಂದೆ. ಹೆಸರು ಕೇಳಿರಲಿಲ್ಲ. ಬೀದಿ ಹೆಸರೂ ಗೊತ್ತಿಲ್ಲ. ಒಂದು ಕಾಗದ ಹಾಕೋಣ ಅಂದ್ರೆ ಎಲ್ಲಿಗೆ ಅಂತ ಹಾಕ್ಲಿ?"

"ಅದಕ್ಕೇ ವಾರ ವಾರ ಪೋಸ್ಟು ಮಾಡ್ತಿದ್ರೇನು?" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಹೂಂ ಎನ್ನಲು ಹೋದರು. ಆಗಲಿಲ್ಲ. ತುತ್ತು ಬಾಯಲ್ಲೇ ನಿಂತಿತು. ಎಡಗೈಯನ್ನು ಲೋಟ ಹಿಡಿದ ಹಾಗೆ ಮೇಲಕ್ಕೆತ್ತಿದರು. ಚಿಕ್ಕಮ್ಮ ಎದ್ದರು. ಹತ್ತು ವರ್ಷದ ರೂಢಿ. ಜೋಳದ ಗಡಿಗೆ ಬಲಗಡೆ, ನೀರಿನ ಬಿಂದಿಗೆ ಎಡಗಡೆ. ನಾನು ನೋಡುತ್ತಲೇ ಇದ್ದೆ. ಅವರು ಎಡಗಡೆಗೆ ಹೋದರು. ಬಂದು, ಗಂಡನ ತಲೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಲೋಟ ಹಿಡಿದು, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಜೋಲ್ ಕುಡೀರಿ."

ಲೋಟದಲ್ಲಿ ನೀರಿತ್ತು.